ಎಡಗಾಲಿನ ಉಬ್ಬಿದ ನರ

ಡಾಕ್ಟರಮ್ಮನ ಹತ್ತಿರ ಕಾಂಪೌಂಡರಾಗಿ ಎಷ್ಟೋ ಹೆಣ ಕಂಡವನು ನಾನು. ಆದರೂ ದರ್ಜಿಯ ಮನೆಯ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟೆ. ನೆಲದ ತುಂಬ ರಕ್ತ. ದರ್ಜಿಯ ಹೆಂಡತಿ, ಇನ್ನೂ ಮೂವತ್ತು ತುಂಬದವಳು, ಪ್ರಜ್ಞೆ ತಪ್ಪಿ ಗೋಡೆಗೆ ಒರಗಿದ್ದಳು. ಡಾಕ್ಟರಮ್ಮ ಅವಳನ್ನು ಮಲಗಿಸಿ, ಕಾಲು ಮೇಲೆತ್ತಿಸಿ, ಪಾದದ ಗಂಟಿನ ಹತ್ತಿರ ಬಟ್ಟೆ ಒತ್ತಿ ಬಿಗಿಯಾಗಿ ಕಟ್ಟಿದರು. ರಕ್ತ ನಿಂತಿತು.

ಆಂಬುಲೆನ್ಸಿಗೆ ಫೋನ್ ಮಾಡಿ ಹೊರಗೆ ಬಂದರೆ ಅಲ್ಲಿ ಇನ್ನೊಂದು ರಾದ್ಧಾಂತ. ಅವಳ ಅಣ್ಣ, ಕನ್ನಡಿ ಅಂಗಡಿಯವನು, ದರ್ಜಿಯ ಕೊರಳಪಟ್ಟಿ ಹಿಡಿದಿದ್ದ. ಕತ್ತರಿಯಲ್ಲಿ ಚುಚ್ಚಿದ್ದಾನೆ, ಪೊಲೀಸರಿಗೆ ಒಪ್ಪಿಸಿಯೇ ತೀರುತ್ತೇನೆ ಎಂದು ಅಬ್ಬರಿಸುತ್ತಿದ್ದ. ದರ್ಜಿಯ ಅಂಗಿಯೆಲ್ಲ ರಕ್ತ. ನನಗೂ ಅವನ ಮೇಲೇ ಅನುಮಾನ.

"ಗಾಯ ಕಾಲಲ್ಲಿದೆ" ಎಂದರು ಡಾಕ್ಟರಮ್ಮ.

ಅಣ್ಣನ ಹಿಡಿತ ಸಡಿಲಾಯಿತು. "ಎಡಗಾಲಾ?" ಎಂದ, ಸಣ್ಣ ದನಿಯಲ್ಲಿ.

ಡಾಕ್ಟರಮ್ಮ ಒಳಗೆ ಹೋಗಿ ಗೋಡೆ ನೋಡಿದರು, ಅವಳ ಎರಡೂ ಕಾಲು ಸವರಿದರು, ಎಡಗಾಲಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ನನಗೂ ಮುಟ್ಟಿ ನೋಡಲು ಹೇಳಿದರು. ಚರ್ಮದ ಕೆಳಗೆ ಬೆರಳು ಗಾತ್ರದ ನರಗಳು ಬಿಸಿಯಾಗಿ, ಎದೆಯಂತೆ ಬಡಿದುಕೊಳ್ಳುತ್ತಿದ್ದವು. ನಾನು ಹೆದರಿ ಕೈ ಕಿತ್ತುಕೊಂಡೆ. ಬಲಗಾಲು ಮಾತ್ರ ನುಣ್ಣಗಿತ್ತು.

ಅತ್ತೆಯನ್ನು ಸೊಸೆಯ ಪಕ್ಕ ಕೂರಿಸಿ, ಉಳಿದವರನ್ನು ಹೊಲಿಗೆ ಯಂತ್ರದ ಕೋಣೆಗೆ ಕರೆದರು.

"ಇವತ್ತು ಇಲ್ಲಿ ಯಾರೂ ಯಾರಿಗೂ ಚುಚ್ಚಿಲ್ಲ. ಗೋಡೆ ಮೇಲೆ ರಕ್ತ ಮೊಣಕಾಲೆತ್ತರಕ್ಕೂ ಹಾರಿಲ್ಲ. ಗಾಯ ಸಾಸಿವೆ ಕಾಳಿನಷ್ಟು, ಅದೂ ಉಬ್ಬಿದ ನರದ ಮೇಲೆ. ಬಿಸಿನೀರು ಬಿದ್ದು ತಾನೇ ಒಡೆದಿದೆ. ಗಂಡನ ಅಂಗಿಗೆ ರಕ್ತ ಹತ್ತಿದ್ದು ಅವಳನ್ನ ಎತ್ತಿ ಕೂರಿಸಿದಾಗ."

ಹಾಗಾದರೆ ನರ ಉಬ್ಬಿದ್ದೇಕೆ? ಸಾಮಾನ್ಯವಾಗಿ ಅದು ವಯಸ್ಸಾದವರಿಗೆ, ನಿಂತು ದುಡಿಯುವವರಿಗೆ, ವಂಶದಲ್ಲಿ ಇದ್ದವರಿಗೆ ಬರುತ್ತದೆ ಎಂದರು. ಇವಳು ಕೂತು ಗುಂಡಿ ಹೊಲಿಯುವವಳು. ತಮ್ಮ ಹತ್ತಿರವೇ ಔಷಧಿಗೆ ಬರುವ ಅವಳ ತಾಯಿಗಾಗಲಿ ಅಣ್ಣನಿಗಾಗಲಿ ಇಲ್ಲ, ಉಬ್ಬಿದ್ದೂ ಒಂದೇ ಕಾಲು. ಮೇಲಾಗಿ ಅಂಥ ನರ ಹೀಗೆ ಬಡಿಯುವುದಿಲ್ಲ, ಸ್ಟೆತಸ್ಕೋಪಿನಲ್ಲಿ ಯಂತ್ರದ ಹಾಗೆ ಮೊರೆಯುವುದೂ ಇಲ್ಲ. ಹೃದಯದಿಂದ ರಭಸವಾಗಿ ಬರುವ ರಕ್ತ ಅಪಧಮನಿಯಿಂದ ನೇರ ಈ ನರಕ್ಕೇ ನುಗ್ಗುತ್ತಿದೆ. ಎಂದೋ ಒಂದು ಹರಿತವಾದ ವಸ್ತು ಎರಡನ್ನೂ ಒಟ್ಟಿಗೆ ತೂತು ಮಾಡಿದೆ. ಮೊಣಕಾಲಿನ ಹಿಂದೆ ಹಳೆಯ ಕಲೆಯೂ ಇದೆ.

"ಅದನ್ನ ಮಾಡಿದವರು ಈ ಕೋಣೇಲೇ ಇದ್ದಾರೆ. ಯಾವ ಕಾಲು ಅಂತ ನಾನು ಹೇಳೋ ಮುಂಚೇನೇ ಅವರಿಗೆ ಗೊತ್ತಿತ್ತು."

ಅಣ್ಣ ಕೂತು ಎಲ್ಲ ಹೇಳಿಬಿಟ್ಟ. ಚಿಕ್ಕವರಿದ್ದಾಗ ಅಪ್ಪನ ಅಂಗಡಿಯಲ್ಲಿ ಕನ್ನಡಿಯ ಸೀಳು ಹಿಡಿದು ತಂಗಿಯನ್ನು ಅಟ್ಟಿಸಿಕೊಂಡು ಹೋಗಿದ್ದ. ಅವಳು ಎಡವಿದಳು, ಇವನು ಮೇಲೆ ಬಿದ್ದ. ಅಪ್ಪನ ಬೆಲ್ಟಿಗೆ ಹೆದರಿ, ಮೊಳೆ ತಾಗಿತು ಎಂದು ಅವಳಿಂದ ಹೇಳಿಸಿದ್ದ. ಗಾಯ ಮಾದಿದ್ದರೂ ಅವನ ಹೆದರಿಕೆ ಮಾದಿರಲಿಲ್ಲ.

"ಚೂರು ಪೂರ್ತಿ ಹೊರಗೆ ಬಂತಾ? ಆಪರೇಷನ್ ಮಾಡೋರಿಗೆ ಅದು ಗೊತ್ತಿರಬೇಕು. ಈಗಲೂ ಮುಚ್ಚಿಟ್ಟರೆ ಅವಳು ಉಳಿಯೋದು ಕಷ್ಟ."

"ತುದಿ ಸಿಗಲಿಲ್ಲ" ಎಂದ. "ನೆಲದ ಮೇಲೆಲ್ಲ ಹುಡುಕಿದೆ."

ದರ್ಜಿ ಎದ್ದು ಅವನತ್ತ ನಡೆದ. ಹೊಡೆದೇಬಿಡುತ್ತಾನೆಂದು ನಾನು ಮಧ್ಯೆ ಹೋದೆ. ಬೀದಿಯಲ್ಲಿ ಆಂಬುಲೆನ್ಸ್ ಬಂದು ನಿಂತಿತು.

"ಭಾವ, ತಲೆ ಕಡೆ ನೀವು ಹಿಡ್ಕೊಳ್ಳಿ" ಎಂದ ದರ್ಜಿ. "ಕಾಲು ನಾನು ಹಿಡೀತೀನಿ."