ಕಾರಿಕಂಟಿಯ ಹಣ್ಣು

ಮಧ್ಯಾಹ್ನ ಹನ್ನೆರಡು ಗಂಟೆಗೆ ಕೇದಾರಿ ಕಾರಿಕಂಟಿಯ ಮುಳ್ಳೊಂದನ್ನು ಮುರಿದು ಅದೇ ಕಂಟಿಯ ಹಸಿರು ಕಾಯಿಗೆ ಚುಚ್ಚಿದ. ನೋಡಿದವರು ಇಬ್ಬರು: ನಾಟಕ ಕಂಪನಿಯ ಗೇಟು ಕಾಯುವ ಹಣಮಂತ ಮತ್ತು ಆಡು ಮೇಯಿಸುವ ಮುದುಕಿ ಲಗಮವ್ವ. ಅದು 1934ರ ಜನವರಿ. ಜಾಗ, ಮೂಡಲಗಿಯಿಂದ ಕಲ್ಲೋಳಿಗೆ ಹೋಗುವ ದಾರಿಯ ಎಡಕ್ಕಿರುವ ಕಲ್ಲುಮರಡಿ, ಒಂದು ಸಣ್ಣ ದಿಬ್ಬ.

ಬೇಡವೆಂದು ಲಗಮವ್ವ ಮೊದಲೇ ಹೇಳಿದ್ದಳು.

ಕಂಪನಿ ಮೂಡಲಗಿಯಲ್ಲಿ ಮೊಕ್ಕಾಂ ಮಾಡಿ ಒಂದು ವಾರವಾಗಿತ್ತು. ತಗಡು, ತಟ್ಟಿಗಳಿಂದ ಕಟ್ಟಿದ ಥಿಯೇಟರಿನ ಸುತ್ತ ಮುಳ್ಳಿನ ಬೇಲಿ ಹಾಕುವುದು ಎಲ್ಲ ಕಂಪನಿಗಳ ಪದ್ಧತಿ. ಬೇಲಿ ಇಲ್ಲದಿದ್ದರೆ ಟಿಕೀಟು ಕೊಂಡು ಬರುವವರಿಗಿಂತ ತಟ್ಟಿಯ ಕೆಳಗೆ ನುಸುಳಿ ಬರುವವರೇ ಹೆಚ್ಚಾಗುತ್ತಾರೆ. ಹಿಂಬದಿಗೆ ಮುಳ್ಳು ಸಾಲದೆಂದು ಹಣಮಂತ ಕುಡಗೋಲು ಹಿಡಿದು ಹೊರಟಾಗ, ಹೊತ್ತು ಹೋಗದ ಕೇದಾರಿಯೂ ಜೊತೆಗೆ ಬಂದಿದ್ದ. ಧಾರವಾಡದಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವನು, ದನಿಯೂ ಇದ್ದವನು. ಕಂಪನಿ ಸೇರಿದ್ದು ಹೋದ ತಿಂಗಳಷ್ಟೇ. ಸಿಕ್ಕಿದ್ದು ಮಂತ್ರಿಯ ಪಾರ್ಟು: ರಾಜನ ಎಡಗಡೆ ನಿಲ್ಲುವುದು, ರಾಜ ಹಾಡುವಾಗ ತಲೆಯಾಡಿಸುವುದು.

ಮರಡಿಯ ಮೇಲೆ ಆ ಕಂಟಿ ಒಂಟಿಯಾಗಿತ್ತು. ಎದೆಯೆತ್ತರ, ಗಂಟುಗಂಟಾದ ಬೂದು ಕೊಂಬೆಗಳು, ಎಲೆಗೊಂದರಂತೆ ಎದುರುಬದುರು ನಿಂತ ನೇರ ಮುಳ್ಳುಗಳು. ಬಿಸಿಲು ನೆತ್ತಿಯ ಮೇಲೆ ಸುರಿಯುತ್ತಿತ್ತು. ಸುತ್ತಲಿನ ಬಾರಿ, ಬನ್ನಿ, ಕವಳಿಗಳ ಚಿಗುರನ್ನೆಲ್ಲ ಆಡುಗಳು ಬೋಳಿಸಿದ್ದವು. ಈ ಕಂಟಿಯ ಒಂದೆಲೆಯೂ ಹರಿದಿರಲಿಲ್ಲ.

“ಅದಕ್ಕ ಕುಡಗೋಲ ಹಚ್ಚಬ್ಯಾಡೋ ಯಪ್ಪಾ,” ಎಂದಳು ಲಗಮವ್ವ, ಕುಳಿತ ಬಂಡೆಯಿಂದ ಏಳದೆ. “ನನ್ನ ಆಡ ಸೈತ ಅದಕ್ಕ ಬಾಯಿ ಹಾಕೂದಿಲ್ಲ.”

“ನಿನ್ನ ಆಡು ನಮ್ಮ ಮಾಲಕರಕಿಂತ ಶಾಣ್ಯಾ ಅದಾವ ಬಿಡ ಆಯಿ,” ಎಂದ ಕೇದಾರಿ. “ಅಂವಾ ಸಿಕ್ಕದ್ದಕ್ಕೆಲ್ಲ ಬಾಯಿ ಹಾಕತಾನ.”

ಹಣಮಂತ ನಕ್ಕ. ಮುದುಕಿ ನಗಲಿಲ್ಲ. ಅವಳು ಹೇಳಿದ್ದು ಇಷ್ಟು: ಯಾರ ಮೇಲಾದರೂ ಹಗೆಯಿದ್ದವರು ನೆರಳು ಕಾಲಡಿಗೆ ಬರುವ ಹೊತ್ತಿಗೆ ಇಲ್ಲಿಗೆ ಬರುತ್ತಾರೆ. ಕಂಟಿಯ ಮುಳ್ಳನ್ನೇ ಮುರಿದು ಹಸಿರು ಕಾಯಿಗೆ ಚುಚ್ಚಿ ಹೆಸರು ಹೇಳುತ್ತಾರೆ. ಕಾಯಿ ಮಾಗಿದ ಹಾಗೆ ಮುಳ್ಳು ಆ ಮನುಷ್ಯನಲ್ಲಿ ಇಳಿಯುತ್ತದೆ. ಹಣ್ಣು ಉದುರಿದ ದಿನ ಅವನೂ ಹೋಗುತ್ತಾನೆ.

“ಬಿಡಸಾಕ ಬರೂದಿಲ್ಲೇನಬೇ?” ಹಣಮಂತ ಕೇಳಿದ. ಅವನ ಕುಡಗೋಲು ಆಗಲೇ ಕೆಳಗಿಳಿದಿತ್ತು.

“ಬರತೈತಿ. ಚುಚ್ಚಿದಾಂವ ತಾನ ಆ ಹಣ್ಣ ತಿನ್ನಬೇಕು, ಮುಳ್ಳಿನ ಸುದ್ದಾ. ಕೈಲೆ ಹರೀಬಾರದು. ಕಂಟ್ಯಾಗ ಮಾರಿ ಇಟ್ಟು ಬಾಯಿಲೆನ ತಿನ್ನಬೇಕು.”

“ಹಂಗಾರ ಇವತ್ತ ಪರೀಕ್ಷಾ ಮಾಡೂಣು,” ಎಂದು ಕೇದಾರಿ ಮುಳ್ಳು ಮುರಿದ. “ಬ್ಯಾರೇದವರ ಯಾಕ? ನನ್ನ ಹೆಸರನ ತಗೋ. ಕೇದಾರಿ! ಯಾವ ದೆವ್ವ ಬರತೈತಿ ಬರಲಿ.”

ಕಾಯಿ ಮೊದಲು ಬಿಗಿಯಾಗಿತ್ತು. ಆಮೇಲೆ ಒಮ್ಮೆಲೇ ಒಳಗೆ ಬಿಟ್ಟುಕೊಂಡಿತು. ಕಹಿಯಾದ ಹಸಿ ವಾಸನೆ ಮೂಗಿಗೆ ಬಡಿಯಿತು.

ಲಗಮವ್ವ ಕಾಯಿಯನ್ನು ನೋಡುತ್ತಿರಲಿಲ್ಲ, ಅವನ ಕಣ್ಣುಗಳನ್ನು ನೋಡುತ್ತಿದ್ದಳು. “ಬಾಯಾಗ ಯಾರ ಹೆಸರರ ಇರ್ಲಿ ತಮ್ಮಾ. ಚುಚ್ಚೂವಾಗ ಯಾರು ಕಣ್ಣಮುಂದ ಬಂದ್ರು, ಅವರಿಗೆ ಹತ್ತತೈತಿ.”

ಕೇದಾರಿ ನಗಲು ಬಾಯಿ ತೆರೆದ. ನಗೆ ಪೂರ್ತಿ ಬರಲಿಲ್ಲ. ಅವನ ಕಣ್ಣಮುಂದೆ ಬಂದದ್ದು ಒಂದು ಮುಖವಲ್ಲ, ಒಂದು ಗಂಟಲು. ಹಿಂದಿನ ರಾತ್ರಿ ಜನ “ಒನ್ಸ್ ಮೋರ್” ಎಂದು ಕೂಗುತ್ತಿದ್ದಾಗ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಏರಿಳಿಯುತ್ತಿದ್ದ, ರಾಜನ ಪಾರ್ಟಿನ ಮುರಿಗೆಪ್ಪನ ಗಂಟಲು.

ಹಣಮಂತ ಅಂದು ಆ ಕಂಟಿಯನ್ನು ಬಿಟ್ಟು ಬಾರಿಮುಳ್ಳನ್ನಷ್ಟೇ ಕಡಿದ.

ಅಂದಿನ ಆಟದಲ್ಲಿ ಮುರಿಗೆಪ್ಪ ಎರಡನೆಯ ಅಂಕದ ಹಾಡು ಎತ್ತಿಕೊಂಡ. ತಾರಸ್ವರಕ್ಕೆ ಏರಿದವನು ಅಲ್ಲಿಯೇ ನಿಂತ. ಕೆಮ್ಮಿದ. ಹಾರ್ಮೋನಿಯಂ ಪೇಟಿಯವನು ಸ್ವರವನ್ನು ಹಿಡಿದುಕೊಂಡೇ ಕಾದ. ಮುರಿಗೆಪ್ಪ ಮತ್ತೆ ಬಾಯಿ ತೆರೆದಾಗ ಬಂದದ್ದು ಒಣ ಎಲೆ ತುಳಿದಂಥ ಸದ್ದು. ಮೊದಲ ಸಾಲಿನಲ್ಲಿ ಯಾರೋ ನಕ್ಕರು. ಎಡಗಡೆ ನಿಂತ ಮಂತ್ರಿ ಆ ಸಾಲನ್ನು ಎತ್ತಿಕೊಂಡು ಹಾಡಿ ಮುಗಿಸಿದ. ಅದನ್ನು ಅವನು ಯೋಚಿಸಿ ಮಾಡಲಿಲ್ಲ. ಜನ ತಗಡು ನಡುಗುವಂತೆ ಚಪ್ಪಾಳೆ ತಟ್ಟಿದರು.

“ಥಂಡೀಗಿ ಗಂಟಲ ಹಿಡದೈತಿ,” ಎಂದರು ಮಾಲಕ ಖಂಡೆಪ್ಪನವರು. ಕೇದಾರಿಯೂ ಹಾಗೆಯೇ ಅಂದುಕೊಂಡ. ಥಂಡಿ ಇತ್ತು, ನಿಜ. ರಾತ್ರಿಯೆಲ್ಲ ಹಾಡುವವನಿಗೆ ಗಂಟಲು ಕಟ್ಟುವುದು ಹೊಸತೇನಲ್ಲ. ಎಲ್ಲಕ್ಕೂ ಕಾರಣವಿತ್ತು. ಕಾರಣಗಳನ್ನು ಒಂದರ ಪಕ್ಕ ಒಂದು ಜೋಡಿಸಿಕೊಂಡರೂ ನಿದ್ದೆ ಬರಲಿಲ್ಲ.

ಗಂಟಲು ಬಿಡಲಿಲ್ಲ. ಗೋಕಾಕದಿಂದ ಬಂದ ಡಾಕ್ಟರು ಟಾರ್ಚು ಹಿಡಿದು ನೋಡಿ, ಒಳಗೆ ಒಂದು ಕೆಂಪು ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ ಎಂದರು. ಮುರಿಗೆಪ್ಪನಿಗೆ ಮೊದಲು ರೊಟ್ಟಿ ಇಳಿಯದಾಯಿತು, ಆಮೇಲೆ ನುಚ್ಚು, ಆಮೇಲೆ ಗಂಜಿ. “ಮುಳ್ಳ ನುಂಗಿದಂಗ ಆಗತೈತಿ,” ಎಂದು ಪಿಸುಗುಟ್ಟುತ್ತಿದ್ದ.

ರಾಜನ ಪಾರ್ಟು ಕೇದಾರಿಗೆ ಬಂತು. ಅದನ್ನು ಕಲಿಸಿದವನು ಮುರಿಗೆಪ್ಪನೇ. ಕೌದಿ ಹೊದ್ದು ಚಾಪೆಯ ಮೇಲೆ ಕುಳಿತು, ದನಿಯಿಲ್ಲದ ತುಟಿಯಲ್ಲಿ ಹಾಡು ಹೇಳುತ್ತ, ತೊಡೆಯ ಮೇಲೆ ತಾಳ ಬಡಿಯುತ್ತಿದ್ದ. ಕೇದಾರಿ ಎಲ್ಲಿ ಉಸಿರು ತಗೊಳ್ಳಬೇಕೆಂದು ಬೆರಳೆತ್ತಿ ತೋರಿಸುತ್ತಿದ್ದ.

“ನಿನ್ನ ದನಿ ಛಲೋ ಐತಿ ತಮ್ಮಾ,” ಎಂದ ಒಂದು ಸಂಜೆ. “ಮಂತ್ರಿ ಪಾರ್ಟಿಗೆ ನಿನ್ನ ಹಾಕಿದ್ದ ತಪ್ಪ. ನಾನ ಮಾಲಕರಿಗೆ ಹೇಳಬೇಕಂದಿದ್ದೆ, ಮುಂದಿನ ಮೊಕ್ಕಾಮಿನಾಗ ಅವಂಗ ರಾಜನ ಪಾರ್ಟ ಕೊಡ್ರಿ, ನನಗೂ ವಯಸ್ಸಾತು ಅಂತ.”

ಮುರಿಗೆಪ್ಪನ ಹೆಂಡತಿ ಕಾಶೆವ್ವ ಮೂಲೆಯಲ್ಲಿ ಜ್ಯೇಷ್ಠಮಧು ಕುಟ್ಟುತ್ತಿದ್ದಳು. “ಇವರಿಗೆ ನಿಮ್ಮ ಮ್ಯಾಲ ಭಾಳ ಜೀವ ರೀ,” ಎಂದಳು. ಆ ಕುಟ್ಟುವ ಸದ್ದು ಕೇದಾರಿಯ ಹಣೆಯೊಳಗೆ ಬೀಳುತ್ತಿತ್ತು.

ಮರುದಿನ ಮಧ್ಯಾಹ್ನ ಅವನು ಒಬ್ಬನೇ ಮರಡಿ ಹತ್ತಿದ. ಕಂಟಿಯ ತುಂಬ ಕಾಯಿಗಳು ಹಸಿರಾಗಿದ್ದವು. ಮಾಗಲು ಶುರುವಾಗಿದ್ದು ಒಂದೇ ಒಂದು. ಅದರ ಒಂದು ಮಗ್ಗುಲು ಹಳದಿಗೆ ತಿರುಗಿತ್ತು. ಮುಳ್ಳು ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿತ್ತು. ಅವನು ಅಷ್ಟು ಚುಚ್ಚಿರಲಿಲ್ಲ.

ಲಗಮವ್ವ ಅದೇ ಬಂಡೆಯ ಮೇಲಿದ್ದಳು. ಬಂದದ್ದೇಕೆಂದು ಕೇಳಲಿಲ್ಲ.

“ತಿಂದರ ತಿಂದಾವಂಗ ಏನಾಗತೈತಿ ಆಯಿ?”

“ಅದು ಅವನಿಗೆ ಹೊಳ್ಳಿ ಹತ್ತತೈತಿ ಅಂತಾರ. ನಾ ಕಂಡಿಲ್ಲ. ಚುಚ್ಚಾಕ ಬಂದವರನ್ನ ಭಾಳ ಮಂದೀನ ಕಂಡೇನಿ. ತಿನ್ನಾಕ ಬಂದವರು ಯಾರೂ ಇಲ್ಲ.”

ಅವನು ಕಂಟಿಯ ಮುಂದೆ ಮಂಡಿಯೂರಿದ. ಮುಖ ಬಗ್ಗಿಸಿದ. ಒಂದು ಮುಳ್ಳು ಕೆನ್ನೆಗೆ ತಾಕಿದ ಕೂಡಲೇ ಹಿಂದೆ ಸರಿದ. ಭಾನುವಾರದ ಆಟಕ್ಕೆ ಹುಕ್ಕೇರಿಯ ಹಿರಿಯರು ಬರುವವರಿದ್ದರು. ರಾಜನ ಪಾರ್ಟು ಅವರ ಮನಸ್ಸಿಗೆ ಬಂದರೆ ಮುಂದಿನ ಮೊಕ್ಕಾಂ ಹುಕ್ಕೇರಿಯಲ್ಲಿ ಎಂದು ಮಾಲಕರು ಹೇಳಿದ್ದರು. ಇಡೀ ಕಂಪನಿಯ ಊಟ ತನ್ನ ಗಂಟಲ ಮೇಲಿದೆ ಎಂದು ಕೇದಾರಿ ತನಗೆ ತಾನೇ ಹೇಳಿಕೊಂಡ. ಹಣ್ಣು ಇನ್ನೂ ಅರ್ಧ ಹಸಿರಿದೆ. ಸೋಮವಾರ ಬಂದು ತಿನ್ನುತ್ತೇನೆ.

“ಸೋಮವಾರ ಬರತೇನಿ,” ಎಂದ ಗಟ್ಟಿಯಾಗಿ.

“ನನಗ್ಯಾಕ ಹೇಳತಿ ತಮ್ಮಾ?” ಎಂದಳು ಮುದುಕಿ.

ಹೊಸ ರಾಜನ ಸುದ್ದಿ ಮೇಲವಂಕಿ, ಕಲ್ಲೋಳಿಗಳ ಮೇಲೆ ಹಾಯ್ದು ದೂರ ಹೋಯಿತು. ಜನ ಬಂಡಿ ಕಟ್ಟಿಕೊಂಡು ಬರತೊಡಗಿದರು. ಶನಿವಾರ ರಾತ್ರಿ ನೂಕುನುಗ್ಗಲಿಗೆ ಹಿಂಬದಿಯ ಬೇಲಿ ಮುರಿದು ಬಿತ್ತು. ಖಂಡೆಪ್ಪನವರು ಹಣಮಂತನನ್ನು ಕರೆದು, ಭಾನುವಾರಕ್ಕೆ ಬೇಲಿ ಇಮ್ಮಡಿ ದಪ್ಪವಾಗಬೇಕು ಎಂದರು. ಇದು ಕೇದಾರಿಗೆ ತಿಳಿಯಲಿಲ್ಲ. ಅವನು ಹೊಸ ಹಾಡು ಬಾಯಿಪಾಠ ಮಾಡುತ್ತಿದ್ದ.

ಭಾನುವಾರ ಹೊತ್ತು ಇಳಿಯುವಾಗ, ಬಣ್ಣ ಹಚ್ಚುವ ಕೋಣೆಯ ಮೂಲೆಯಲ್ಲಿ ಮಲಗಿದ್ದ ಮುರಿಗೆಪ್ಪ ರಕ್ತ ಕಾರಿದ. ಕಾಶೆವ್ವ ತಂಬಿಗೆ ಹಿಡಿದಿದ್ದಳು. ಮುಖಕ್ಕೆ ಬಳಿಯುವ ಸಫೇತದ, ಕೊಬ್ಬರಿ ಎಣ್ಣೆಯ ವಾಸನೆಯ ಆ ಬಣ್ಣದ ಕೋಣೆಯಲ್ಲಿ ಇನ್ನೊಂದು ವಾಸನೆಯೂ ಇತ್ತು, ಕಹಿಯಾದ ಹಸಿ ವಾಸನೆ. ಕೇದಾರಿಗೆ ಗೊತ್ತಿದ್ದ ವಾಸನೆ. ಮುರಿಗೆಪ್ಪ ಅವನತ್ತ ಕಣ್ಣೆತ್ತಿ, ಹೋಗು ಬಣ್ಣ ಹಚ್ಚಿಕೋ ಎಂದು ಕೈಸನ್ನೆ ಮಾಡಿದ.

ಕೇದಾರಿ ಓಡಿದ.

ಮರಡಿಯ ಮೇಲೆ ಕಂಟಿ ಇರಲಿಲ್ಲ. ಬುಡದ ಕಡಿತ ಬೆಳ್ಳಗೆ ಕಾಣುತ್ತಿತ್ತು.

“ನಿಮ್ಮ ಮಂದಿನ ಕಂಟಿ ಕಡದ ಒಯ್ದರು,” ಎಂದಳು ಲಗಮವ್ವ, ಆಡುಗಳನ್ನು ಹೊಡೆದುಕೊಂಡು ಹೋಗುತ್ತ. “ಬ್ಯಾಡ ಅಂದೆ. ಕೇಳಲಿಲ್ಲ.”

ಅವನು ಬಂದಷ್ಟೇ ವೇಗವಾಗಿ ತಿರುಗಿ ಓಡಿದ. ಹಣಮಂತ ಗೇಟಿನಲ್ಲಿದ್ದ.

“ಆ ಕಂಟಿ ಎಲ್ಲಿ? ಮರಡೀ ಮ್ಯಾಲಿಂದು?”

“ಬೇಲ್ಯಾಗ ಐತಿ. ಯಾಕ್ರಿ?” ಹಣಮಂತ ಹಲ್ಲು ಕಿರಿದ. “ಮುದುಕಿ ಭಾಳ ಅಂಜಿಸಿದಳ್ರಿ. ನಾ ಅಂದೆ, ನಮ್ಮ ಕೇದಾರಪ್ಪ ತನ್ನ ಹೆಸರ ಹೇಳಿ ಚುಚ್ಚ್ಯಾನ, ಅವಂಗೇನಾಗೇತಿ? ರಾಜಾ ಆಗ್ಯಾನ! ಅಂದು ಕಡದ ತಂದೆ.”

“ಬೇಲಿ ಯಾವ ಕಡೆ?”

“ಹಿಂದ. ಎಲ್ಲಾ ಕೂಡಸಿ ಒಟ್ಟೇನಿ. ಯಾವದ ಯಾವ ಕಂಟಿ ಅಂತ ನನಗೂ ತಿಳಿಯೂದಿಲ್ಲ.”

ಹಿಂಬದಿಯಲ್ಲಿ ಕತ್ತಲು ಇಳಿದಿತ್ತು. ಬಾರಿ, ಬನ್ನಿ, ಕಾರಿ, ಎಲ್ಲ ಒಂದರ ಮೇಲೊಂದು. ಆಳೆತ್ತರದ ಮುಳ್ಳು. ಕೇದಾರಿ ಎರಡೂ ಕೈ ಹಾಕಿ ಸರಿಸತೊಡಗಿದ. ಬಾರಿಯ ಕೊಕ್ಕೆಗಳು ಅಂಗೈಯನ್ನು ಹಿಡಿದುಕೊಂಡವು. ಎಳೆದ. ಹರಿಯಿತು. ಮತ್ತೆ ಹಾಕಿದ. ತಟ್ಟಿಯ ಆಚೆ ಜನ ಸೇರುವ ಗದ್ದಲ. ಬೀಡಿಯ ಹೊಗೆ. ಸೀಮೆಎಣ್ಣೆಯ ವಾಸನೆ. ಒಳಗೆ ಯಾರೋ ಗ್ಯಾಸ್ ಬತ್ತಿ ಹಚ್ಚಿದರು. ತಟ್ಟಿಯ ಸಂದಿನಿಂದ ಬೆಳಕಿನ ಒಂದು ಗೆರೆ ಬೇಲಿಯ ಮೇಲೆ ಬಿತ್ತು.

ಆ ಗೆರೆಯಲ್ಲಿ ಹಣ್ಣಿತ್ತು.

ಪೂರ್ತಿ ಹಳದಿ. ಮುಳ್ಳು ಕಾಣುತ್ತಿರಲಿಲ್ಲ, ಅದು ಹೊಕ್ಕ ಕಪ್ಪು ಚುಕ್ಕೆಯಷ್ಟೇ ಕಾಣುತ್ತಿತ್ತು. ಬಾಡಿದ ತೊಟ್ಟು ಕೂದಲೆಳೆಯಷ್ಟು ಉಳಿದಿತ್ತು.

ಆಟದ ಮೊದಲ ಗಂಟೆ ಹೊಡೆಯಿತು.

ಅವನು ಮುಖವನ್ನು ಮುಳ್ಳಿನೊಳಗೆ ಇಟ್ಟ. ಹಣೆಗೆ ಒಂದು ಇಳಿಯಿತು. ಕೆನ್ನೆಗೆ ಒಂದು. ಕಣ್ಣು ಮುಚ್ಚಿದ. ರೆಪ್ಪೆಯ ಮೇಲೆ ಏನೋ ಗೀರಿತು. ಇನ್ನೂ ಒಳಗೆ. ರಕ್ತ ತುಟಿಗೆ ಬಂತು, ಉಪ್ಪಾಗಿ. ಆಮೇಲೆ ತುಟಿಗೆ ಹಣ್ಣು ತಾಕಿತು. ಬೆಚ್ಚಗಿತ್ತು. ತುಟಿಗಳಲ್ಲಿ ಹಿಡಿದ. ಹಲ್ಲು ಹಾಕಬೇಕು. ಅಷ್ಟೇ.

ಎರಡನೆಯ ಗಂಟೆ.

“ಕೇದಾರಿ ಎಲ್ಲಿ?” ಮಾಲಕರ ದನಿ. “ಕೇದಾರೀ!”

ಯಾರೋ ಸಿಳ್ಳು ಹಾಕಿದರು. ಇನ್ನೊಬ್ಬ ಆ ಹೆಸರನ್ನೇ ಕೂಗಿದ. ಹತ್ತು ಜನ ಕೂಗಿದರು. ಆಮೇಲೆ ಇಡೀ ಥಿಯೇಟರು. ಕೇದಾರಿ! ಕೇದಾರಿ! ತಗಡು ನಡುಗಿತು. ಬೇಲಿ ನಡುಗಿತು. ತನ್ನ ಹೆಸರನ್ನು ಅಷ್ಟು ಬಾಯಿಗಳಲ್ಲಿ ಅವನು ಎಂದೂ ಕೇಳಿರಲಿಲ್ಲ. ಹಲ್ಲು ಹಾಕಿದರೆ ಇದೆಲ್ಲ ಮುಗಿಯುತ್ತದೆ. ಅವನು ನಿಂತ. ಕೇಳಿದ. ಇನ್ನೊಂದು ಉಸಿರಿನಷ್ಟು ಹೊತ್ತು. ಅಷ್ಟೇ ಹೊತ್ತು.

ಅವನ ತುಟಿಗಳು ತಾವಾಗಿ ಸಡಿಲಾದವು. ಅವು ನಗುತ್ತಿದ್ದವು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಹಣ್ಣು ಜಾರಿತು. ಒಂದು ಕೊಂಬೆಗೆ ಬಡಿಯಿತು. ಇನ್ನೊಂದಕ್ಕೆ. ಮಣ್ಣಿನ ಮೇಲೆ ಬಿದ್ದದ್ದು ಕೇಳಿಸಲಿಲ್ಲ.

ಕೇಳಿಸಿದ್ದು ಬಣ್ಣದ ಕೋಣೆಯಿಂದ ಬಂದ ಕಾಶೆವ್ವನ ಕೂಗು.

ಭಾನುವಾರದ ಆಟ ನಡೆಯಲಿಲ್ಲ. ಸೋಮವಾರ ಮಧ್ಯಾಹ್ನ ಮುರಿಗೆಪ್ಪನನ್ನು ಮೂಡಲಗಿಯಲ್ಲೇ ಮಣ್ಣು ಮಾಡಿದರು. ಗಂಟಲ ಹುಣ್ಣು ಒಡೆದು ಸತ್ತನೆಂದು ಡಾಕ್ಟರು ಹೇಳಿದರು. ಕೇದಾರಿಯ ಮುಖದ ಗಾಯಗಳನ್ನು ಕಂಡವರು, ದುಃಖದಲ್ಲಿ ಬೇಲಿಗೆ ಬಿದ್ದ ಪಾಪ, ಎಂದರು. ಕಾಶೆವ್ವ ಗಂಡನ ಜರಿ ಶಾಲನ್ನು ತಂದು ಅವನ ಕೈಯಲ್ಲಿಟ್ಟಳು. “ಅವರು ನಿಮಗ ಕೊಡು ಅಂದಿದ್ರು,” ಎಂದಳು. ಅವನು ಬೇಡವೆನ್ನಲು ಬಾಯಿ ತೆರೆದ. ದನಿ ಸ್ಪಷ್ಟವಾಗಿ, ತುಂಬಿಕೊಂಡು ಬಂತು. ಅದನ್ನು ಕೇಳಿ ಅವನೇ ಬಾಯಿ ಮುಚ್ಚಿಕೊಂಡ.

ಹುಕ್ಕೇರಿಯ ಮೊಕ್ಕಾಮಿನ ಹ್ಯಾಂಡ್‌ಬಿಲ್ಲಿನಲ್ಲಿ ರಾಜನ ಪಾರ್ಟಿಗೆ ಕೇದಾರಿಯ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಕಂಪನಿ ಮುಚ್ಚುವವರೆಗೆ ಆ ಪಾರ್ಟನ್ನು ಅವನೇ ಮಾಡಿದ. ಒಂದು ದಿನವೂ ಅವನ ಗಂಟಲು ಕಟ್ಟಲಿಲ್ಲ.