ವಾಗ್ದಾನದ ಪೆಟ್ಟಿಗೆ

ಮನೆಯನ್ನು ಬಸುರಿ ಹೆಂಗಸರಿಗೆ ಬಿಟ್ಟುಕೊಡುತ್ತೇನೆಂದು ಇದಾಲಿನಾ ದೊಡ್ಡಮ್ಮ ಹೇಳಿದ್ದು ಮೀನಿನ ಮುಳ್ಳು ಬಿಡಿಸುತ್ತಾ. ಬಿಡಿಸುತ್ತಿದ್ದ ಮೀನು ಅಬ್ದಿಯಾಸನ ತಟ್ಟೆಯದು. ಅವನಿಗೆ ಮೂವತ್ತು ದಾಟಿತ್ತು. ಆದರೂ ಒಳ್ಳೆಯ ತುಂಡನ್ನು ಆರಿಸಿ, ಮುಳ್ಳು ತೆಗೆದು, ಅವನ ಕಡೆಗೆ ಸರಿಸುವ ಅಭ್ಯಾಸವನ್ನು ಅವಳು ಬಿಟ್ಟಿರಲಿಲ್ಲ.

“ಹೊಳೆಯ ಮೇಲಿನ ಊರುಗಳಿಂದ ಹೆರಿಗೆಗೆ ಅಂತ ಬರ್ತಾರೆ, ಇನ್ನೂ ದಿನ ಆಗಿರಲ್ಲ. ಅಲ್ಲೀತನಕ ಎಲ್ಲಿರಬೇಕು ಅವರು? ದೀಕ್ಷಾಸ್ನಾನದ ಭಾನುವಾರ ಕಳೀಲಿ, ಪಾಸ್ಟರ್ ಜೊತೆ ಹೋಗಿ ಈ ಮನೇನ ಚರ್ಚ್ ಸಭೆ ಹೆಸರಿಗೆ ಮಾಡಿಬಿಡ್ತೀನಿ. ನಿನ್ನ ಕೋಣೆ ನಿನಗೇ ಇರತ್ತೆ ಕಣೋ. ನಿನಗೇನು, ಕೈಯಲ್ಲಿ ಕೆಲಸ ಇದೆ, ಮೈಯಲ್ಲಿ ಆರೋಗ್ಯ ಇದೆ.”

“ಆಗಲಿ ದೊಡ್ಡಮ್ಮ,” ಎಂದ ಅಬ್ದಿಯಾಸ್. ಬಿಡಿಸಿಕೊಟ್ಟ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದ.

ಹೆರಿಗೆಗೆ ಕಾಯುತ್ತ ಆ ಮನೆಯಲ್ಲೇ ಉಳಿದಿದ್ದ ಜಾನಿರಾ, ಜಗಲಿಯಲ್ಲಿ ಹಗ್ಗದ ತೂಗುಹಾಸಿಗೆಯ ಮೇಲೆ ಮಲಗಿದ್ದವಳು, ಅಲ್ಲಿಂದಲೇ ಕೂಗಿದಳು. ಅವಳಿಗೆ ಎಂಟು ತಿಂಗಳು. “ನನ್ನ ಮಗುಗೂ ಒಂದು ಕೋಣೆ ಇರಲಿ ದೊಡ್ಡಮ್ಮ. ಹುಟ್ಟೋಕೆ ಮುಂಚೇನೇ ಬಾಡಿಗೆ ಕೇಳ್ಬೇಡಿ ಮತ್ತೆ.” ದೊಡ್ಡಮ್ಮ ನಕ್ಕಳು. ಅಬ್ದಿಯಾಸ್ ಕೂಡ ನಕ್ಕ. ನಗುವುದು ಅವನಿಗೆ ಕಷ್ಟವಾಗಲಿಲ್ಲ, ಅದೇ ಅವನಿಗೆ ಆಶ್ಚರ್ಯ.

ತಾಯಿ ಸತ್ತಾಗ ಏಳು ವರ್ಷದ ಅವನನ್ನು ಈ ಮನೆಗೆ ಕರೆತಂದವಳು ತಾಯಿಯ ಅಕ್ಕನಾದ ಇವಳೇ. ಅಂದಿನಿಂದ ನೀರಿನ ಮೇಲೆ ನಿಂತ ಈ ಮರದ ಮನೆಯ ಒಂದೊಂದು ಕಂಬವನ್ನೂ ಬದಲಿಸಿದವನು ಅವನು. ಮನೆಯ ಪಕ್ಕದಲ್ಲಿ ದೋಣಿಗಳನ್ನು ದಡಕ್ಕೆ ಎಳೆಯಲು ಒಳ್ಳೆಯ ಇಳಿಜಾರಿತ್ತು. ದೋಣಿಗಳ ಮೇಲೆ ಹೆಸರು ಬರೆಯುವುದು ಅವನ ಕಸುಬು: ಹೊಟ್ಟೆ ಉಬ್ಬಿದ ಅಕ್ಷರ, ಅದಕ್ಕೊಂದು ನೆರಳು, ತುದಿಯಲ್ಲಿ ಬಳ್ಳಿ. ಬೆಲೆಂ ಪಟ್ಟಣದ ಬಂದರಿನಲ್ಲಿ ನಿಂತು ನೋಡಿದರೂ ಇದು ಅಬ್ದಿಯಾಸನ ಕೈ ಎಂದು ಜನ ಗುರುತಿಸುತ್ತಿದ್ದರು. ಇಳಿಜಾರಿನ ಮೇಲೆ ಒಂದು ದೊಡ್ಡ ಚಪ್ಪರ ಹಾಕಬೇಕು, ಮದುವೆಯಾಗಬೇಕು ಎಂದೆಲ್ಲ ಅವನು ಅಂದುಕೊಂಡಿದ್ದ. ಇನ್ನು ಅವನು ಅಲ್ಲಿ ಅತಿಥಿ. ದೊಡ್ಡಮ್ಮನಿಗೆ ಅವನ ಹೊರತು ಬೇರೆ ವಾರಸುದಾರರಿರಲಿಲ್ಲ. ಭಾನುವಾರಕ್ಕೆ ಮೊದಲು ಅವಳು ಇಲ್ಲವಾದರೆ—

ಆ ಯೋಚನೆಯನ್ನು ಅವನು ಅಲ್ಲಿಯೇ ನಿಲ್ಲಿಸಿದ. ಮೊಣಕಾಲೂರಿ ಪ್ರಾರ್ಥಿಸಿದ. ಎದ್ದಾಗ ಅದು ಅವನಿಗಾಗಿ ಕಾದು ನಿಂತಿತ್ತು.

ಅದು ಪೂರ್ತಿ ಆಕಾರ ಪಡೆದದ್ದು ದೇವರ ಸಭೆಯಲ್ಲೇ. ವರ್ಷಕ್ಕೊಮ್ಮೆ ನಡೆಯುವ ಸ್ವಸ್ಥತೆಯ ಕೂಟದಲ್ಲಿ ಅಬ್ದಿಯಾಸ್ ತನ್ನನ್ನು ದೇವರು ಗುಣಪಡಿಸಿದ್ದಕ್ಕೆ ತಪ್ಪದೆ ಸಾಕ್ಷಿ ಹೇಳುತ್ತಿದ್ದ. ಚಿಕ್ಕಂದಿನಿಂದ ಅವನಿಗೆ ಮೂರ್ಛೆರೋಗವಿತ್ತು. ಮೊದಲು ಸಕ್ಕರೆ ಸೀದ ವಾಸನೆ ಬರುತ್ತಿತ್ತು, ಯಾರೂ ಏನೂ ಸೀಯಿಸದಿದ್ದರೂ; ಆಮೇಲೆ ನಾಲಿಗೆ ಕಲ್ಲಾಗುತ್ತಿತ್ತು; ಆಮೇಲೆ ಏನೂ ನೆನಪಿರುತ್ತಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಸಭೆಯ ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವನು ಎದ್ದು, ಎಲ್ಲರೆದುರಿಗೆ ತನ್ನ ಮಾತ್ರೆಗಳನ್ನು ಹೊಳೆಗೆ ಎಸೆದ. ಅಂದಿನಿಂದ ಒಂದು ಸಲವೂ ಬಿದ್ದಿಲ್ಲ. ಅವನಿಗಿದ್ದ ವಿಶ್ವಾಸವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿತ್ತು. ಬೇರೆಯವರು ದೇವರ ವಾಗ್ದಾನವನ್ನು ಓದಿ ನಂಬುತ್ತಿದ್ದರು. ಅವನು ಅದನ್ನು ಮೈಯಲ್ಲೇ ಹೊತ್ತು ತಿರುಗುತ್ತಿದ್ದ.

ಅವನು ಸಾಕ್ಷಿ ಹೇಳುವಾಗ ದೊಡ್ಡಮ್ಮ ಪ್ರತಿ ವರ್ಷ ತಲೆ ತಗ್ಗಿಸಿ ಅಳುತ್ತಿದ್ದಳು. ಈ ವರ್ಷವೂ ಅತ್ತಳು. ಆ ಬಗ್ಗಿದ ನೆರೆತ ತಲೆಯನ್ನು ನೋಡುತ್ತ ಅಬ್ದಿಯಾಸನಿಗೆ ಅನಿಸಿತು: ಇದನ್ನು ಇವಳಷ್ಟು ನಂಬುವವರು ಬೇರೆ ಇಲ್ಲ. ಇವಳ ಹೃದಯ ಮಾತ್ರೆಯ ಬಲದಿಂದ ನಡೆಯುತ್ತಿದೆ, ನಿಲ್ಲಿಸಿದರೆ ಉಳಿಯುವುದಿಲ್ಲವೆಂದು ಡಾಕ್ಟರು ಅವನೆದುರಿಗೇ ಹೇಳಿದ್ದರು. ನಿಲ್ಲಿಸು ಎಂದು ದೇವರೇ ಹೇಳಿದರೆ?

ನಮ್ಮ ಕಡೆ ಸಭೆಗೆ ಹೋಗುವ ಪ್ರತಿಯೊಂದು ಮನೆಯಲ್ಲೂ ವಾಗ್ದಾನದ ಪೆಟ್ಟಿಗೆ ಇರುತ್ತದೆ. ಅಂಗೈಯಗಲದ ಪೆಟ್ಟಿಗೆ, ಒಳಗೆ ಒತ್ತಾಗಿ ನಿಲ್ಲಿಸಿದ ಚೀಟಿಗಳು, ಒಂದೊಂದರಲ್ಲೂ ದೇವರ ಒಂದು ಮಾತು. ದೊಡ್ಡಮ್ಮ ಬೆಳಿಗ್ಗೆ ಕಾಫಿಗೆ ಮೊದಲು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಪಿಸುಗುಟ್ಟಿ, ಒಂದು ಚೀಟಿ ಎಳೆಯುತ್ತಿದ್ದಳು. ಭೂತಗನ್ನಡಿ ಹಿಡಿದು ಓದಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ದಿನವಿಡೀ ಇಟ್ಟುಕೊಳ್ಳುತ್ತಿದ್ದಳು. ಭಯಪಡಬೇಡ ಎಂದು ಬಂದ ದಿನ ಅಲೆಯೆದ್ದ ಹೊಳೆ ದಾಟಿ ಬಾಣಂತಿಗೆ ಗಂಜಿ ಕೊಟ್ಟು ಬಂದವಳು ಅವಳು. ಚೀಟಿ ಹೇಳಿದ್ದನ್ನು ಅವಳು ಮೀರಿದ್ದನ್ನು ಅಬ್ದಿಯಾಸ್ ನೋಡಿರಲಿಲ್ಲ.

ಬುಧವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನೆ. ಮನೆ ಖಾಲಿ. ಅಬ್ದಿಯಾಸ್ ಪೆಟ್ಟಿಗೆಯನ್ನು ತಾನು ಬಣ್ಣ, ಬ್ರಷ್ಷು ಇಡುವ ಕೊಟ್ಟಿಗೆಗೆ ಒಯ್ದು ಚೀಟಿಗಳನ್ನು ಹರಡಿದ. ಸ್ವಸ್ಥತೆಯ ಮಾತಿದ್ದವು ಕೆಲವೇ. ಅವನ್ನು ನೋಡಿಕೊಂಡು, ಅದೇ ಅಚ್ಚಿನ ಅಕ್ಷರದಲ್ಲಿ, ಕೂದಲೆಳೆಯ ಬ್ರಷ್ಷಿನಿಂದ ಮತ್ತೆ ಮತ್ತೆ ಬರೆದ. ಚಹದ ನೀರಿನಲ್ಲಿ ಒರೆಸಿ ಹಳತು ಮಾಡಿದ. ಉಳಿದ ವಾಗ್ದಾನಗಳನ್ನೆಲ್ಲ ಒಂದು ಖಾಲಿ ಬಣ್ಣದ ಡಬ್ಬಿಗೆ ಹಾಕಿ ಮುಚ್ಚಿದ. ತಾನು ಒಂದು ಸುಳ್ಳನ್ನೂ ಬರೆದಿಲ್ಲವೆಂದು ಅವನಿಗೆ ಸಮಾಧಾನವಾಯಿತು. ಎಲ್ಲವೂ ದೇವರದೇ ಮಾತು. ದೇವರಿಗೆ ಮನಸ್ಸಿದ್ದರೆ ಅವಳನ್ನು ನಿಜವಾಗಿಯೂ ಗುಣಪಡಿಸಲಿ, ಯಾರು ಬೇಡವೆಂದರು? ಆಗ ಇದು ಅಪರಾಧವೇ ಅಲ್ಲ. ಗುಣಪಡಿಸದಿದ್ದರೆ ಅದು ದೇವರ ತೀರ್ಮಾನ. ಪೊಲೀಸರು ಬಂದರೂ ಯಾರನ್ನು ಹಿಡಿಯುತ್ತಾರೆ?

ಆದರೂ ಒಂದು ಚೀಟಿಯನ್ನು ಅವನು ವಾಪಸು ಇಟ್ಟ: ನಿನ್ನ ಮನೆಯೊಳಗೇ ಇರುವವನ ಬಗ್ಗೆ ಎಚ್ಚರದಿಂದಿರು ಎಂಬ ಅರ್ಥದ್ದು. ಪ್ರತಿಯೊಂದು ಶೋಧನೆಯಲ್ಲೂ, ಮನಸ್ಸು ಪಾಪದ ಕಡೆ ಎಳೆದಾಗಲೆಲ್ಲ, ದೇವರು ಹೊರಬರಲು ಒಂದು ಬಾಗಿಲು ಇಟ್ಟಿರುತ್ತಾನೆ ಎಂದು ಪಾಸ್ಟರ್ ಹೇಳುತ್ತಿದ್ದರು. ಇದು ಆ ಬಾಗಿಲು. ಅವಳ ಕೈಗೆ ಇದು ಬಂದರೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ ಎಂದು ಮಾತು ಕೊಟ್ಟ. ಬೆಳಿಗ್ಗೆ ಅವಳ ಬೆರಳು ಪೆಟ್ಟಿಗೆಯ ಮೇಲೆ ಆಡುವಾಗ, ಅದೇ ಬರಲಿ, ಅದೇ ಬರಲಿ ಎಂದು ಅವನು ಒಳಗೊಳಗೇ ಬೇಡುತ್ತಿದ್ದ. ಬರಲಿಲ್ಲವೆಂದು ಅವಳ ಮುಖದಲ್ಲಿ ತಿಳಿದಾಗ ಬರುತ್ತಿದ್ದ ನೆಮ್ಮದಿಯೂ ಅವನದೇ. ಎರಡರಲ್ಲಿ ತಾನು ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ದಿನಗಳು ಹೋದವು. ದೊಡ್ಡಮ್ಮ ಚೀಟಿ ಓದಿ ಅವನನ್ನು ಒಂದು ಕ್ಷಣ ದಿಟ್ಟಿಸುತ್ತಿದ್ದಳು, ಆಮೇಲೆ ಎದ್ದು ಎಂದಿನಂತೆ ಕಾಫಿ ಕದಡುತ್ತಿದ್ದಳು. ಅವನ ಲೋಟವನ್ನು ಅವಳು ಬಹಳ ಹೊತ್ತು ಕದಡುತ್ತಿದ್ದಳು, ಆರಲೆಂದು.

“ನಿನ್ನ ಕಾಫಿ ಎಷ್ಟು ಕಹಿ ದೊಡ್ಡಮ್ಮ,” ಎಂದ ಒಂದು ದಿನ, ಎಂದಿನಂತೆ.

“ಅದೇ ಪಾತ್ರೆದು ನಾನೂ ಕುಡೀತಿದ್ದೀನಿ,” ಎಂದಳು ಜಾನಿರಾ. “ಕಹಿ ಕಾಫೀಲಿಲ್ಲ ಅಣ್ಣ, ನಿಮ್ಮ ನಾಲಿಗೇಲಿದೆ. ಮದುವೆ ಆಗಿ, ಸರಿಹೋಗತ್ತೆ.”

“ಇವನಿಗೆ ಯಾರು ಕೊಡ್ತಾರೆ ಹೆಣ್ಣು,” ಎಂದು ದೊಡ್ಡಮ್ಮ ನಗುತ್ತ ಅವನ ತಟ್ಟೆಗೆ ಇನ್ನೊಂದು ಮರಗೆಣಸಿನ ರೊಟ್ಟಿ ಹಾಕಿದಳು.

ದೀಕ್ಷಾಸ್ನಾನದ ಭಾನುವಾರ ಹತ್ತಿರವಾಯಿತು. ಅವಳು ಮಾತ್ರೆ ಬಿಡುವ ಸೂಚನೆಯೇ ಇಲ್ಲ. ಇದ್ದ ಮಾತುಗಳು ಸಾಲುವುದಿಲ್ಲವೆಂದು ಅವನಿಗೆ ಅರ್ಥವಾಯಿತು. ಯಾವುದರಲ್ಲೂ ಮದ್ದಿನ ಸುದ್ದಿಯಿರಲಿಲ್ಲ. ಬುಧವಾರ ಮಧ್ಯಾಹ್ನ ಅವನು ಬ್ರಷ್ ಹಿಡಿದು ಬಹಳ ಹೊತ್ತು ಕೂತ. ಕೊನೆಗೆ ಯಾವ ಪ್ರವಾದಿಯೂ ನುಡಿಯದ ಒಂದು ಸಾಲನ್ನು ಬರೆದ: “ನಾನೇ ಗುಣಪಡಿಸಿದ ಮೇಲೆ ಮದ್ದು ಯಾಕೆ? ಅದನ್ನು ನೀರಿಗೆ ಬಿಡು.” ಇಷ್ಟು ದಿನ ದೇವರ ಮಾತನ್ನು ಆರಿಸಿಟ್ಟಿದ್ದ. ಇಂದು ದೇವರ ದನಿಯನ್ನೇ ಕದ್ದಿದ್ದ. ಅದನ್ನು ಒಲೆಗೆ ಹಾಕಲೆಂದು ಎದ್ದ. ಅಡುಗೆಮನೆಯ ಬಾಗಿಲಿನವರೆಗೆ ಹೋದ. ಅಲ್ಲಿಂದ ಇಳಿಜಾರು ಕಾಣುತ್ತಿತ್ತು, ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು. ಅವನು ತಿರುಗಿ ಬಂದ. ಅದೇ ಸಾಲನ್ನು ಪೆಟ್ಟಿಗೆ ತುಂಬುವಷ್ಟು ಬರೆದ. ಎಚ್ಚರಿಕೆಯ ಆ ಒಂದು ಚೀಟಿಯನ್ನು ಈ ಸಲ ತೆಗೆದುಬಿಟ್ಟ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಚೀಟಿಯನ್ನು ಎರಡು ಸಲ ಓದಿದಳು. ಭೂತಗನ್ನಡಿ ಮೇಜಿನ ಮೇಲಿಟ್ಟಳು.

“ಮಗನೇ, ಇದರಲ್ಲಿ ಬರೋ ಮಾತನ್ನ ಪೂರ್ತಿ ನಂಬಬಹುದಾ? ನಮ್ಮ ಭಯ ನಮಗೆ ಇರತ್ತಲ್ಲ, ಆಗಲೂ?”

ಬಾಗಿಲು ಎಂದರೆ ಇದೇ ಎಂದು ಅವನಿಗೆ ಗೊತ್ತಿತ್ತು. ಇಷ್ಟು ಅಗಲವಾಗಿ ಅದು ಎಂದೂ ತೆರೆದಿರಲಿಲ್ಲ. ಅವಳ ಕಣ್ಣುಗಳು ಬೆಳ್ಳಗೆ ಮಬ್ಬಾಗಿದ್ದವು, ಉತ್ತರಕ್ಕಾಗಿ ಚಿಕ್ಕ ಹುಡುಗಿಯ ಹಾಗೆ ಕಾಯುತ್ತಿದ್ದಳು.

“ದೇವರ ವಾಗ್ದಾನ ದೊಡ್ಡಮ್ಮ. ನಂಬದೆ ಇನ್ನೇನು? ನನ್ನನ್ನೇ ನೋಡು,” ಎಂದ.

“ಹೌದಲ್ಲ,” ಎಂದಳು ಅವಳು. “ನಿನ್ನನ್ನೇ ನೋಡಬೇಕು.”

ಅಂದು ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ಅವಳು ನಿಂತಿದ್ದನ್ನು ಅವನು ಇಳಿಜಾರಿನಿಂದ ನೋಡಿದ. ಮೇಲಿನ ಹಲಗೆಯ ಬಿಸ್ಕತ್ತಿನ ಡಬ್ಬಿ ಕೈಯಲ್ಲಿತ್ತು. ಅಂಗೈ ತುಂಬ ಸಣ್ಣ ಬಿಳಿ ಮಾತ್ರೆಗಳು. ಏನೋ ಹೇಳಿಕೊಂಡು, ಕೈಯನ್ನು ಹೊಳೆಯ ಮೇಲೆ ಮಗುಚಿದಳು. ಅಬ್ದಿಯಾಸನ ಬಾಯಿಯವರೆಗೆ ಕೂಗು ಬಂತು. ಅದನ್ನು ಅವನು ನುಂಗಿದ. ಆಮೇಲೆ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನದಿಂದ ಕಾಫಿ ಸಿಹಿಯಾಗಿತ್ತು. ಬುದ್ಧಿ ನೆಟ್ಟಗಿಲ್ಲ, ಸಕ್ಕರೆ ಹೆಚ್ಚು ಹಾಕುತ್ತಿದ್ದಾಳೆ ಎಂದುಕೊಂಡ. ಕಾದ. ರಾತ್ರಿ ಅವಳ ಉಸಿರು ಕೇಳುತ್ತ ಮಲಗುತ್ತಿದ್ದ. ಅದು ನಿಲ್ಲದಿರಲಿ ಎಂದು ಪ್ರಾರ್ಥಿಸುತ್ತಿದ್ದ, ನಿಂತಿತೇ ಎಂದು ಕಿವಿ ಕೊಡುತ್ತಿದ್ದ. ಅವಳು ಮಾತ್ರ ಯಾವುದೋ ಭಾರ ಇಳಿಸಿಟ್ಟವಳಂತೆ ಹಾಡು ಗುನುಗುತ್ತ ಓಡಾಡುತ್ತಿದ್ದಳು.

ದೀಕ್ಷಾಸ್ನಾನಕ್ಕೆ ಜನರನ್ನು ಕರೆದೊಯ್ಯಲಿದ್ದದ್ದು ನಿವಾಲ್ಡುವಿನ ಹೊಸ ಮೋಟಾರು ದೋಣಿ. ಅದಕ್ಕೆ ‘ದೇವರು ನಂಬಿಗಸ್ತ’ ಎಂದು ಹೆಸರು. ಮರುವಾರದ ಶನಿವಾರ, ದೀಕ್ಷಾಸ್ನಾನದ ಹಿಂದಿನ ದಿನ, ಅಬ್ದಿಯಾಸ್ ಹೊಳೆಯ ಕಡೆಯ ಮಗ್ಗುಲಲ್ಲಿ ಹಗ್ಗ ಕಟ್ಟಿ ಇಳಿಬಿಟ್ಟ ಹಲಗೆಯ ಮೇಲೆ ಕೂತು ಬರೆಯುತ್ತಿದ್ದ. ಕೆಳಗೆ ಇಳಿತದ ನೀರು ಸಮುದ್ರದ ಕಡೆಗೆ ಬಿರುಸಾಗಿ ಎಳೆಯುತ್ತಿತ್ತು.

“ಯಾರೋ ಸಕ್ಕರೆ ಸೀಯಿಸ್ತಿದ್ದಾರೆ,” ಎಂದ.

“ನನಗೆ ಡೀಸೆಲ್ ಬಿಟ್ಟು ಏನೂ ಬರ್ತಿಲ್ಲ ಮಾರಾಯ,” ಎಂದು ನಿವಾಲ್ಡು ಒಳಗಿನಿಂದಲೇ ಹೇಳಿ ಎಂಜಿನ್ನಿನ ಕಡೆ ಹೋದ. “ಹೊಟ್ಟೆ ಹಸಿದಿರಬೇಕು ನಿನಗೆ. ನೋಡು, ನಿಮ್ಮ ದೊಡ್ಡಮ್ಮ ಬರ್ತಿದ್ದಾರೆ.”

ಕಾಫಿಯ ಫ್ಲಾಸ್ಕ್ ಹಿಡಿದು ದೊಡ್ಡಮ್ಮ ಅಷ್ಟುದ್ದದ ದೋಣಿಕಟ್ಟೆ ನಡೆದು ಬಂದು ದೋಣಿ ಹತ್ತಿದಳು, ಅವನ ತಲೆಯ ಮೇಲಿನ ಕಂಬಿಗೆ ಕೈಯೂರಿ ಬಗ್ಗಿದಳು. ಅವಳು ಏದುಸಿರು ಬಿಡುತ್ತಿರಲಿಲ್ಲ. ಅದು ಅವನಿಗೆ ವಿಚಿತ್ರವಾಗಿ ಕಂಡಿತು.

“ದೊಡ್ಡಮ್ಮ, ನಿನ್ನ ಮಾತ್ರೆ…”

“ನುಂಗಿದ್ದೀನಪ್ಪ. ನಾನು ಸತ್ತರೆ ನಾಡಿದ್ದು ಸಹಿ ಯಾರು ಹಾಕೋದು?” ಎಂದಳು ನಗುತ್ತ.

ಅವನು ತಲೆಯೆತ್ತಿದ. ಸೀದ ಸಕ್ಕರೆಯ ವಾಸನೆ ಈಗ ದಟ್ಟವಾಗಿ, ತೀರ ಹತ್ತಿರದಿಂದ ಬರುತ್ತಿತ್ತು. ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಹೇಳುತ್ತಿದ್ದಳು: “ನಾಳೆ ಸಭೆ ಮುಂದೆ ಅರಿಕೆ ಮಾಡ್ತೀನಿ, ಅದಕ್ಕೆ ಮುಂಚೆ ನಿನಗೆ ಹೇಳ್ಬೇಕು ಮಗನೇ, ಕೋಪ ಮಾಡ್ಕೋಬೇಡ. ಅವತ್ತು ನೀನು ಮಾತ್ರೆ ಹೊಳೆಗೆ ಎಸೆದ ವಾರದಲ್ಲೇ ನಿದ್ದೇಲೇ ಮತ್ತೆ ಮೂರ್ಛೆ ಬಂದಿತ್ತು, ನಿನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಎಲ್ಲರ ಮುಂದೆ ಅಷ್ಟು ಸಂತೋಷವಾಗಿ ಸಾಕ್ಷಿ ಹೇಳಿದ್ದೆ ನೀನು. ನರ್ಸ್ ಹತ್ರ ಕೇಳಿ ತಂದು, ದಿನಾ ಪುಡಿ ಮಾಡಿ ನಿನ್ನ ಕಾಫೀಲಿ ಕದಡಿದೆ. ಅದಕ್ಕೇ ಕಹಿ. ನಂಬಿಕೆ ಇಲ್ಲದ ಪಾಪಿ ನಾನು, ನೀನು ಸಾಕ್ಷಿ ಹೇಳಿದಾಗೆಲ್ಲ ನಾಚಿಕೆಯಿಂದ ಅತ್ತಿದ್ದೀನಿ. ಆ ಪೆಟ್ಟಿಗೇಲಿ ನನಗೋಸ್ಕರ ಒಂದು ದಿನವೂ ಚೀಟಿ ತೆಗೆದವಳಲ್ಲ ಕಣೋ. ಅಬ್ದಿಯಾಸ್‌ಗೆ ವಾಸಿಯಾಗಿದೆಯಾ ಸ್ವಾಮಿ, ನಿಲ್ಲಿಸಲಾ ಅಂತ ದಿನಾ ನಿನ್ನ ಹೆಸರಲ್ಲೇ ಕೇಳ್ತಿದ್ದೆ. ಈಗ ಉತ್ತರ ಕೊಟ್ಟ. ನೀನೂ ನಂಬು ಅಂದೆ, ನಿನ್ನ ಮಾತ್ರೆನೆಲ್ಲ ಹೊಳೆಗೆ ಸುರಿದು ನಾನು ನಿಲ್ಲಿಸಿಬಿಟ್ಟೆ.” ಆ ಚೀಟಿ ಬರೆದವನು ನಾನು ದೊಡ್ಡಮ್ಮ, ನನ್ನನ್ನು ಹಿಡಿ ಎಂದು ಹೇಳಲು ಅಬ್ದಿಯಾಸ್ ಬಾಯಿ ತೆರೆದ. ಮೇಲಿನಿಂದ ಅವಳು ಸಿಹಿ ಕಾಫಿಯ ಲೋಟವನ್ನು ಅವನತ್ತ ಚಾಚಿದ್ದಳು. ಬ್ರಷ್ ಕೈಜಾರಿ ನೀರಿಗೆ ಬಿದ್ದದ್ದು ಅವನಿಗೆ ಕಾಣಿಸಿತು. ನಾಲಿಗೆ ಆಗಲೇ ಕಲ್ಲಾಗಿತ್ತು.