ಖಾಲಿ ಬದಿಯ ಭಾರ

ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ಮೊಮ್ಮಗಳು ರಶ್ಮಿತಾಳನ್ನು ಹರಿಹರದ ಹೊಳೆಗೆ ತೆಪ್ಪದ ಸವಾರಿಗೆಂದು ಕರೆದೊಯ್ದಿದ್ದೆ. ನಮ್ಮಿಬ್ಬರಿಗೂ ಈಜು ಬಾರದು. ತೆಪ್ಪ ನಡೆಸುವ ಹಿದಾಯತ್ ಲೈಫ್ ಜಾಕೆಟ್ ತೊಡಿಸಿ, ಇಬ್ಬರನ್ನೂ ತನ್ನ ಬದಿಗೇ ಕೂರಿಸಿಕೊಂಡ. ಆದರೂ ತೆಪ್ಪ ಒಂದಿಷ್ಟೂ ವಾಲಲಿಲ್ಲ.

"ಮೂವರೂ ಒಂದೇ ಕಡೆ ಕುಂತರೆ ಹೆಂಗಪ್ಪ? ಆ ಕಡೆ ಖಾಲಿ ಐತಲ್ಲ" ಎಂದೆ.

"ಅಲ್ಲಿ ಭಾರ ಸಾಕಷ್ಟೈತ್ರಿ ಅಜ್ಜಿ. ಮಗೂನ ಈ ಕಡೆಗೇ ಹಿಡ್ಕೊಳ್ರಿ, ಆ ಕಡೆ ಸರಿದರೆ ತೆಪ್ಪ ಮಗುಚಿ ಬೀಳತೈತೆ."

ರಶ್ಮಿತಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಆ ಬದಿಯನ್ನು ನೋಡುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿದ್ದರೂ ಅಲ್ಲಿಯ ಬಿದಿರು ಒದ್ದೆಯಾಗಿಯೇ ಇತ್ತು.

ದಡದಲ್ಲಿ ನಾವು ಇಳಿದೆವು, ಹಿದಾಯತನೂ ಇಳಿದ. ತೆಪ್ಪ ಖಾಲಿ ಬದಿಗೆ ವಾಲಿ ನಿಂತಿತು. ಅವನು ಅದರತ್ತ ಕೈ ಚಾಚಿ, "ಒಬ್ಬೊಬ್ಬರೇ ಇಳೀರಿ" ಎಂದ.

ತೆಪ್ಪ ಮೂರು ಸಲ ಅಲುಗಾಡಿ, ಸಮವಾಯಿತು.